ನವಿಲುತೀರ್ಥದ ಗುಡ್ಡದ ಹಾದಿ

ಸವದತ್ತಿಯಿಂದ ಮುನವಳ್ಳಿಯ ಕಡೆಗೆ ಹೊರಟ ಪಯಣಿಗನಿಗೆ ಊರು ಹಿಂದಾದ ಸ್ವಲ್ಪ ಹೊತ್ತಿನಲ್ಲಿಯೇ ಗುಡ್ಡಗಳ ಸಾಲೊಂದು ಗೋಡೆಯಂತೆ ಅಡ್ಡ ನಿಂತದ್ದು ಕಾಣುತ್ತದೆ. ಆ ಗೋಡೆಯನ್ನು ಒಂದೆಡೆ ಕೊಡಲಿಯಿಂದ ಸೀಳಿದಂತೆ ಇಬ್ಭಾಗ ಮಾಡಿಕೊಂಡು ಮಲಪ್ರಭೆ ಹರಿದು ಹೋಗಿದ್ದಾಳೆ. ಅದೇ ನವಿಲುತೀರ್ಥ. ಹೆಸರಿನ ಹಿಂದೆ ಈ ಭಾಗದ ಹಿರಿಯರು ಹೇಳುವ ಕಥೆಯೊಂದುಂಟು. ಗುಡ್ಡ ಅಡ್ಡವಾದುದನ್ನು ಕಂಡು ನದಿಯು ಪಕ್ಕಕ್ಕೆ ಹೊರಳಲು ಹವಣಿಸಿದಾಗ, ನೆತ್ತಿಯ ಮೇಲೆ ಕುಳಿತ ನವಿಲೊಂದು ಅವಳನ್ನು ಅಣಕಿಸಿತಂತೆ. ರೋಷಗೊಂಡ ಮಲಪ್ರಭೆ ನೇರವಾಗಿ ನುಗ್ಗಿ ಗುಡ್ಡವನ್ನೂ ಅದರೊಡನೆ ಆ ನವಿಲನ್ನೂ ಸೀಳಿ ಮುಂದೆ ಸಾಗಿದಳಂತೆ. ಅಲ್ಲಿಯ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದವರಿಗೆ ಈ ಕಥೆಯನ್ನು ಕಟ್ಟಿದವರ ಬೆರಗು ಅರ್ಥವಾಗುತ್ತದೆ. ಮರಳುಗಲ್ಲು ಗಟ್ಟಿಗೊಂಡು ಬೆಣಚುಕಲ್ಲಿನಷ್ಟು ಕಠಿಣವಾದ ಬಂಡೆಯದು. ಅದನ್ನು ನೀರು ಕೊರೆಯಬೇಕಾದರೆ ಎಷ್ಟು ಯುಗಗಳು ಸಂದಿರಬೇಕು!

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಯ ಒಟ್ಟು ಹರಿವು 304 ಕಿಲೋಮೀಟರು. ಇಲ್ಲಿಗೆ ಬರುವ ಮೊದಲೇ ಎಂ.ಕೆ. ಹುಬ್ಬಳ್ಳಿಯಲ್ಲಿ ತಾಯಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ತೊಳೆದು ಬಂದಿರುತ್ತಾಳೆ. ಇಲ್ಲಿಂದ ಮುಂದೆ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲುಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಈ ಕಂದರದ ಬಾಯಿಗೇ ಅಣೆಕಟ್ಟೆ ಕಟ್ಟಿದರು. ಕಟ್ಟೆಯ ಉದ್ದ ಸುಮಾರು 154 ಮೀಟರು, ಎತ್ತರ 40 ಮೀಟರು. ಇಷ್ಟು ಚಿಕ್ಕ ಕಟ್ಟೆಯ ಹಿಂದೆ 37.73 ಟಿಎಂಸಿ ನೀರು ನಿಲ್ಲುತ್ತದೆಂದರೆ ಅದು ಎಂಜಿನಿಯರರ ಜಾಣತನವಷ್ಟೇ ಅಲ್ಲ, ಗುಡ್ಡವೇ ಮುಕ್ಕಾಲು ಕಟ್ಟೆಯಾಗಿ ನಿಂತ ಕಾರಣ. ಆ ಜಲರಾಶಿಗೆ ರೇಣುಕಾಸಾಗರವೆಂದು ಹೆಸರು.

ಇಷ್ಟೆಲ್ಲವನ್ನು ಬಲ್ಲ ನಾವು ಅದೇ ಗುಡ್ಡದ ಮೇಲೆ ಹೋದ ವರ್ಷ ಹಾಡುಹಗಲೇ ದಾರಿ ತಪ್ಪಿದೆವು. ಅದರ ವೃತ್ತಾಂತವನ್ನೂ, ಮತ್ತೊಮ್ಮೆ ಅದೇ ಹಾದಿಯನ್ನು ನಡೆಯಲು ನಾವು ಮಾಡಿಕೊಂಡಿರುವ ಸಿದ್ಧತೆಯನ್ನೂ ವಾಚಕರ ಮುಂದಿಡುತ್ತಿದ್ದೇವೆ. ಪಾದಯಾತ್ರೆಯ ಹಂಬಲವುಳ್ಳ ಮನೆತನಗಳಿಗೆ ಇದು ಉಪಯೋಗಕ್ಕೆ ಬಂದೀತು.

ನಡೆದ ಸಂಗತಿಯಿದು. ಯುಗಾದಿಗೆ ಶ್ರೀಶೈಲಕ್ಕೆ ಕಾಲ್ನಡಿಗೆಯಿಂದ ಹೋಗಬೇಕೆಂದು ನಾವು ಏಳು ಜನ ಸಂಕಲ್ಪ ಮಾಡಿದ್ದೆವು. ಇಬ್ಬರು ರೈತರು, ಒಬ್ಬರು ಅರಳೆ ವ್ಯಾಪಾರಿಗಳು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಎಪ್ಪತ್ತೊಂದು ವಯಸ್ಸಿನ ನಿವೃತ್ತ ಕನ್ನಡ ಶಾಲೆಯ ಗುರುಗಳು, ಅವರ ಮೊಮ್ಮಗ ಮತ್ತು ನಾವು. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲೆಯ ಅಡವಿ ಹೊಕ್ಕರೆ ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಭೀಮನಕೊಳ್ಳ, ಕೊನೆಗೆ ಕೈಲಾಸದ್ವಾರ. ನಮ್ಮ ಕಡೆಯ ಸಾವಿರಾರು ಭಕ್ತರು ವರ್ಷವರ್ಷವೂ ತುಳಿಯುವ ದಾರಿಯದು. ಅದಕ್ಕೆ ಮೊದಲು ಕಾಲುಗಳನ್ನು ಪರೀಕ್ಷಿಸಲು ಹತ್ತಿರದ ಗುಡ್ಡವೊಂದನ್ನು ಹತ್ತಿ ನೋಡೋಣವೆಂದು ಬ್ಯಾಂಕಿನವರು ಸೂಚಿಸಿದರು. ನವಿಲುತೀರ್ಥದಿಂದ ಗುಡ್ಡದ ಮೇಲೆ ಮೇಲೆಯೇ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹಳೆಯ ಕಾಲುದಾರಿಯೊಂದಿದೆ, ಅದನ್ನು ನಾವು ಬಲ್ಲೆವು ಎಂದು ಹೇಳಿದವರು ನಾವೇ.

ಬಲ್ಲೆವೆಂಬ ಆ ಮಾತಿಗೆ ಆಧಾರವೇನಿತ್ತು? ಐವತ್ತು ವರ್ಷಗಳ ಹಿಂದೆ, ಮಠದ ಬೋರ್ಡಿಂಗಿನಲ್ಲಿದ್ದಾಗ, ನಮ್ಮ ಗುರುಗಳ ಹಿಂದೆ ಆ ಹಾದಿಯಲ್ಲಿ ನಡೆದಿದ್ದೆವು. ಜೋಳಿಗೆಯನ್ನು ಬಗಲಿಗೆ ಹಾಕಿಕೊಂಡು ಕೈಯಲ್ಲಿ ಬೆತ್ತ ಹಿಡಿದು ಅವರು ಮುಂದೆ ಹೊರಟರೆ ನಾವು ಹುಡುಗರು ಓಡುತ್ತ ಹಿಂಬಾಲಿಸಬೇಕಾಗುತ್ತಿತ್ತು. ಈಗ ಯೋಚಿಸಿದರೆ ತಿಳಿಯುತ್ತದೆ: ಆ ದಿನ ನಾವು ನೋಡಿದ್ದು ಅವರ ಪಾದುಕೆಗಳನ್ನು ಮಾತ್ರ, ದಾರಿಯನ್ನಲ್ಲ. ಯಾವ ಬಂಡೆಯ ಬಳಿ ಅವರು ಹೊರಳಿದರು, ಯಾಕೆ ಹೊರಳಿದರು, ಯಾವ ಗಿಡವನ್ನು ಕಂಡು ನಿಂತರು ಎಂಬುದು ನಮ್ಮ ತಲೆಯೊಳಗೆ ಇಳಿದಿರಲೇ ಇಲ್ಲ. ಆದರೂ ಐವತ್ತು ವರ್ಷ "ನಮಗೆ ಆ ದಾರಿ ಗೊತ್ತು" ಎಂದು ನಂಬಿಕೊಂಡೇ ಬಂದಿದ್ದೆವು.

ಮಾಘ ಮಾಸದ ಒಂದು ಮುಂಜಾನೆ ಹೊರಟೆವು. ಹೊರಟೆವೆನ್ನುವುದೇನು, ಒಬ್ಬರ ಪೂಜೆ, ಇನ್ನೊಬ್ಬರ ಉಪಾಹಾರ, ಬಸ್ಸು ತಪ್ಪಿದ್ದು, ಹೀಗೆಲ್ಲ ಆಗಿ ಗುಡ್ಡದ ಬುಡಕ್ಕೆ ತಲುಪುವಾಗ ಒಂಬತ್ತೂವರೆ. ಏರು ಕಷ್ಟವಾಗಲಿಲ್ಲ. ಮೇಲೇರಿ ಹಿಂದಿರುಗಿ ನೋಡಿದಾಗ ಕಂಡ ನೋಟವನ್ನು ಮರೆಯಲಾಗದು: ಕಣ್ಣು ಹಾಯುವಷ್ಟು ದೂರ ನೀರು, ಅದರ ಅಂಚಿಗೆ ಎರೆಹೊಲಗಳ ಕಪ್ಪು, ನಡುನಡುವೆ ಬಿಳಿಜೋಳದ ಹಸಿರು. ರಟ್ಟರ ಕಾಲದಲ್ಲಿ ಸುಗಂಧವರ್ತಿಯೆನಿಸಿ ರಾಜಧಾನಿಯಾಗಿದ್ದ ಸವದತ್ತಿಯೂ, ತ್ಯಾಗವೀರ ಲಿಂಗರಾಜರ ಶಿರಸಂಗಿ ದೇಸಗತಿಯ ಮನೆತನದವರು ಕಟ್ಟಿಸಿದ ಅದರ ಕೋಟೆಯೂ ದೂರದಲ್ಲಿ ಮಂಜು ಮಂಜಾಗಿ ಕಂಡವು. ಅಲ್ಲಿ ಕುಳಿತು ಬುತ್ತಿಯ ಅರ್ಧವನ್ನೂ ನೀರಿನ ಅರ್ಧವನ್ನೂ ಮುಗಿಸಿದೆವು. ಆಗಿನ್ನೂ ದಾರಿಯ ಕಾಲುಭಾಗ ಸಹ ಕ್ರಮಿಸಿರಲಿಲ್ಲ.

ಮುಂದೆ ಕಾಲುದಾರಿ ಕವಲೊಡೆಯಿತು. ಒಂದು ಕವಲು ಕಂಟಿಗಳ ನಡುವೆ ಕಂಡೂ ಕಾಣದಂತೆ ಬಲಕ್ಕೆ ಇಳಿದಿತ್ತು. ಇನ್ನೊಂದು ಗರಸು ಹಾಕಿದ ಅಗಲವಾದ ದಾರಿ, ಎಡಕ್ಕೆ ಬಯಲಿನಲ್ಲಿ ನೆಟ್ಟಗೆ ಹೋಗಿತ್ತು. ಅಗಲವಾದುದೇ ಸರಿಯಾದುದೆಂದು ಬಗೆದು ಅದನ್ನು ಹಿಡಿದೆವು. ಸವದತ್ತಿ ಭಾಗದ ಗುಡ್ಡಗಳ ಮೇಲೆ ಇತ್ತೀಚೆಗೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಅವುಗಳ ದೊಡ್ಡ ದೊಡ್ಡ ಭಾಗಗಳನ್ನು ಸಾಗಿಸಲು ಮಾಡಿದ ದಾರಿಯದೆಂದು ನಮಗೆ ತಿಳಿದುದು ಎರಡು ತಾಸು ನಡೆದ ಮೇಲೆ. ದಾರಿ ಯಂತ್ರದ ಬುಡಕ್ಕೆ ಹೋಗಿ ಮುಗಿದುಬಿಟ್ಟಿತು. ತಿರುಗಿ ಅದೇ ದಾರಿಯಿಂದ ಬಂದಿದ್ದರೆ ಕೆಡುಕೇನೂ ಆಗುತ್ತಿರಲಿಲ್ಲ. ಆದರೆ "ಅಡ್ಡ ಹಾಯ್ದರೆ ಹತ್ತಿರ" ಎಂಬ ಮಾತು ನಮ್ಮ ಬಾಯಿಂದಲೇ ಬಂದಿತು. ಅಡ್ಡ ಹಾಯ್ದೆವು. ಬಿಸಿಲು ನೆತ್ತಿಗೇರಿತ್ತು. ಕಾಲಿಗೆ ಸಿಕ್ಕುವ ಕಲ್ಲುಗಳೆಲ್ಲ ಉರುಳುಗಲ್ಲುಗಳು. ಜಾಲಿಯ ಮುಳ್ಳು ಬೇರೆ. ಒಂದು ಕೊಳ್ಳದ ಅಂಚಿಗೆ ಬಂದು ನಿಂತಾಗ ಕೆಳಗಿಳಿಯಲು ಮಾರ್ಗವಿಲ್ಲ, ನೀರಿನ ಬಾಟಲಿಗಳು ಬರಿದು, ಗಂಟೆ ಎರಡು ದಾಟಿತ್ತು.

ಆಗ ಶಾಲೆಯ ಗುರುಗಳು ಬಂಡೆಯೊಂದರ ಮೇಲೆ ಕುಳಿತವರು ಏಳಲಿಲ್ಲ. ಬೆವರುವುದು ನಿಂತು ಮುಖ ಕೆಂಪಾಗಿತ್ತು, ಮಾತು ತೊದಲುತ್ತಿತ್ತು. ಮೊಮ್ಮಗ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಮುಖವನ್ನೇ ನೋಡುತ್ತಿದ್ದ. ಆ ನೋಟವನ್ನು ನಾವು ಇಂದಿಗೂ ಮರೆತಿಲ್ಲ. ಸಂಜೆಯ ಲಿಂಗಪೂಜೆಗೆಂದು ನಮ್ಮ ಚೀಲದಲ್ಲಿ ಒಂದು ತಂಬಿಗೆಯಷ್ಟು ಮಡಿನೀರು ಬೇರೆಯಾಗಿ ಉಳಿದಿತ್ತು. ಅದನ್ನು ತೆಗೆದಾಗ ಗುರುಗಳು ಕೈ ಅಡ್ಡ ಹಿಡಿದು, "ಬ್ಯಾಡ್ರೀ, ಅದು ಪೂಜಿ ನೀರು" ಎಂದರು. "ಕುಡೀರಿ" ಎಂದಷ್ಟೇ ಹೇಳಿದೆವು. ಅರ್ಧ ಕುಡಿಸಿ, ಉಳಿದುದರಲ್ಲಿ ವಲ್ಲಿಯನ್ನು ತೋಯಿಸಿ ಕೊರಳಿಗೂ ಕಂಕುಳಿಗೂ ಹಚ್ಚಿ, ಧೋತರವೊಂದನ್ನು ನಾಲ್ವರು ಹಿಡಿದು ನೆರಳು ಮಾಡಿದೆವು.

ದೇವರೇ ಕಳಿಸಿದಂತೆ ಕುರಿಗಳ ಸದ್ದು ಕೇಳಿಬಂದಿತು. ಇಪ್ಪತ್ತರ ಹರೆಯದ ಕುರಿಗಾಹಿಯೊಬ್ಬ ಬಂದು ನಮ್ಮನ್ನೂ ನಾವು ಬಂದ ದಿಕ್ಕನ್ನೂ ನೋಡಿ ನಕ್ಕ. "ಅಜ್ಜಾರ, ಅದು ಫ್ಯಾನಿನವರ ದಾರಿರಿ. ಫ್ಯಾನಿಗೆ ಹೋಗಿ ನಿಂದರತೈತಿ. ಗುಡಿ ದಾರಿ ಅಂದರ ನೀರು ಬಲಕ್ಕ ಕಾಣತಿರಬೇಕು. ನೀರು ಕಾಣೋದು ನಿಂತಿತಂದರ ದಾರಿ ತಪ್ಪಿತು ಅಂತನ ತಿಳೀಬೇಕು." ತನ್ನ ಕ್ಯಾನಿನ ನೀರನ್ನು ಕೊಟ್ಟು, ಗುರುಗಳನ್ನು ಬೆನ್ನಿಗೆ ಆತುಕೊಂಡು, ನಮಗೆ ಕಾಣದಿದ್ದ ಇಳಿಜಾರಿನಿಂದ ಎಲ್ಲರನ್ನೂ ಕೆಳಗಿಳಿಸಿದ. ಹಣ ಕೊಡಹೋದರೆ ಮುಟ್ಟಲಿಲ್ಲ. ನಮ್ಮ ಜೋಳಿಗೆಯಲ್ಲಿದ್ದ ಉತ್ತತ್ತಿಯನ್ನು ಮಾತ್ರ ತೆಗೆದುಕೊಂಡ.

ಗುರುಗಳು ಎರಡು ದಿನದಲ್ಲಿ ಚೇತರಿಸಿಕೊಂಡರು. ಆದರೆ ಆ ವರ್ಷ ಶ್ರೀಶೈಲ ಯಾತ್ರೆಯ ಮಾತನ್ನು ಯಾರೂ ಎತ್ತಲಿಲ್ಲ. "ನನ್ನನ್ನು ಬಿಟ್ಟು ನೀವು ಹೋಗಿ ಬರ್ರಿ" ಎಂದು ಅವರು ಹೇಳಿಕಳಿಸಿದಾಗ ನಮಗಾದ ಲಜ್ಜೆಯನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ತಪ್ಪು ಅವರ ವಯಸ್ಸಿನದಾಗಿರಲಿಲ್ಲ.

ಈ ವರ್ಷ ಕಾರ್ತೀಕ ಮಾಸದಿಂದಲೇ ಸಿದ್ಧತೆಗೆ ತೊಡಗಿದ್ದೇವೆ. ಮೊದಲನೆಯದು ವಿಚಾರಣೆ. ಮುನವಳ್ಳಿ, ಸವದತ್ತಿಗಳಲ್ಲಿ ಎರಡು ದಿನ ಇದ್ದು, ಆ ಗುಡ್ಡವನ್ನು ತುಳಿದವರನ್ನು ಹುಡುಕಿದೆವು. "ಅಲ್ಲಿ ದಾರಿ ಇದೆಯೇ?" ಎಂದು ಕೇಳಿದರೆ ಎಲ್ಲರೂ "ಐತ್ರಿ" ಎನ್ನುತ್ತಾರೆ, ಅದು ಸುಳ್ಳಲ್ಲ, ಅವರ ನೆನಪಿನಲ್ಲಿ ದಾರಿ ಇದ್ದೇ ಇದೆ. ಕೇಳಬೇಕಾದ ಪ್ರಶ್ನೆ ಬೇರೆ: "ನೀವು ಕಡೆಗೆ ಯಾವಾಗ ಹೋಗಿದ್ದಿರಿ?" ಹೀಗೆ ಕೇಳಿದಾಗ ಹೆಚ್ಚಿನವರು ಮೂವತ್ತು ನಲವತ್ತು ವರ್ಷ ಹಿಂದಕ್ಕೆ ಹೋದರು. ಜಲಾಶಯ ತುಂಬಿದ ಮೇಲೆ ಹೊಳೆದಂಡೆಯ ಎಷ್ಟೋ ಹಾದಿಗಳು ಮುಳುಗಿದವು. ಬಸ್ಸುಗಳು ಬಂದ ಮೇಲೆ ಉಳಿದವನ್ನು ನಡೆಯುವವರಿಲ್ಲ. ಈ ವರ್ಷವೇ ಹೋಗಿ ಬಂದವರೆಂದರೆ ಕುರಿಗಾಹಿಗಳು ಮತ್ತು ಕಟ್ಟಿಗೆಗೆ, ಹುಲ್ಲಿಗೆ ಹೋಗುವ ಹೆಣ್ಣುಮಕ್ಕಳು. ಅವರು ಹೇಳಿದುದನ್ನು ಒಬ್ಬೊಬ್ಬರಿಂದ ಬೇರೆಬೇರೆಯಾಗಿ ಕೇಳಿ ಬರೆದುಕೊಂಡೆವು. ಮೂವರ ಮಾತು ಕೂಡಿದಲ್ಲಿ ಗೆರೆ, ಕೂಡದಲ್ಲಿ ಪ್ರಶ್ನೆಯ ಚಿಹ್ನೆ. ಒಬ್ಬ ಮುದುಕಿ "ಎಪ್ಪಾ, ದಾರೀನ ಗಂಡಸರನ ಕೇಳಬ್ಯಾಡ, ತಲೀಮ್ಯಾಗ ಹೊರಿ ಹೊತ್ತಾಕಿನ್ನ ಕೇಳು" ಎಂದಳು. ಹೊರೆ ಹೊತ್ತವರು ಸುಲಭವಾದ ಇಳಿಜಾರನ್ನೇ ಆರಿಸುತ್ತಾರೆಂಬುದು ನಮ್ಮ ಯಾವ ಪಠ್ಯದಲ್ಲಿಯೂ ಇರಲಿಲ್ಲ.

ಎರಡನೆಯದು ನಕಾಶೆ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಯನ್ನು ಬ್ಯಾಂಕಿನವರು ತರಿಸಿದರು. ಅದರಲ್ಲಿ ಎರಡು ಸೆಂಟಿಮೀಟರೆಂದರೆ ನೆಲದ ಮೇಲೆ ಒಂದು ಕಿಲೋಮೀಟರು. ಕಂದು ಬಣ್ಣದ ಸಮೋನ್ನತ ರೇಖೆಗಳು ಒಂದರಿಂದೊಂದು 20 ಮೀಟರು ಎತ್ತರದ ಅಂತರದಲ್ಲಿರುತ್ತವೆ; ಅವು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಬಯಲು, ಒಂದರ ಮೇಲೊಂದು ಬಿದ್ದಂತಿದ್ದರೆ ಹೋದ ವರ್ಷ ನಾವು ನಿಂತ ಆ ಕೊಳ್ಳದ ಅಂಚು. ಹಾದಿಯ ಗುಂಟ ದಾರವೊಂದನ್ನು ಹಾಸಿ ಅಳೆದರೆ ದೂರ ತಿಳಿಯುತ್ತದೆ. ನಮ್ಮ ಅಂದಾಜಿಗೆ ಹನ್ನೆರಡು ಕಿಲೋಮೀಟರಿನ ಆಸುಪಾಸು ಬಂದಿತು. ನಕಾಶೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ನೆಲದ ಮೇಲೆ ದಾರಿ ಇರಬೇಕೆಂದಿಲ್ಲ. ಕಾಲುದಾರಿ ಅಳಿಸಿಹೋದೀತು, ಆದರೆ ಗುಡ್ಡದ ಏರಿಳಿತ ಅಳಿಯದು. ಆದುದರಿಂದ ನಾವು ಗೆರೆಯನ್ನು ಬಿಟ್ಟು ಏರಿಳಿತವನ್ನು ನಂಬಿದೆವು. ಬಲಕ್ಕೆ ರೇಣುಕಾಸಾಗರ, ಬೆಳಗಿನ ಸೂರ್ಯ ಮುಂದೆ ತುಸು ಎಡಕ್ಕೆ: ಆ ಕುರಿಗಾಹಿಯ ಸೂತ್ರ ನಕಾಶೆಯೊಡನೆ ತಾಳೆಯಾಯಿತು. ಮೊಮ್ಮಗನ ಮೊಬೈಲಿನಲ್ಲಿಯೂ ದಾರಿ ತೋರುವ ವ್ಯವಸ್ಥೆಯುಂಟು. ಬೇಡವೆನ್ನಲಾರೆವು. ಆದರೆ ಬ್ಯಾಟರಿ ಇಳಿದ ಮೇಲೆ ಅದು ಜೇಬಿನಲ್ಲಿಯ ಕಲ್ಲಷ್ಟೆ; 112ಕ್ಕೆ ಕರೆ ಮಾಡುವ ಪ್ರಸಂಗ ಬಂದರೆ ಬೇಕಾಗುತ್ತದೆಂದು ಒಂದನ್ನು ಬಂದ್ ಮಾಡಿಯೇ ಇಟ್ಟುಕೊಳ್ಳುವೆವು.

ವೇಳೆಯ ಲೆಕ್ಕದಲ್ಲಿ ನಾವು ಎಡವಿದ್ದೇ ಹೆಚ್ಚು. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿಯೇ ಒಂದು ಸೂತ್ರ ಹೇಳಿದ್ದಾನೆ: ಸಮನೆಲದಲ್ಲಿ ಐದು ಕಿಲೋಮೀಟರಿಗೆ ಒಂದು ತಾಸು, ಅದಕ್ಕೆ 600 ಮೀಟರು ಏರಿಗೆ ಇನ್ನೊಂದು ತಾಸು ಕೂಡಿಸು. ಅದರಂತೆ ನಮ್ಮ ಹಾದಿ ಮೂರು ತಾಸಿನ ಒಳಗೆ ಮುಗಿಯಬೇಕು. ಆದರೆ ಅದು ಗಟ್ಟಿಮುಟ್ಟಾದ ಮೈಯವನ ಲೆಕ್ಕ. ಚೀಲ, ಬಿಸಿಲು, ಮೊಣಕಾಲುನೋವುಗಳ ಲೆಕ್ಕವಲ್ಲ. ಅರವತ್ತು ದಾಟಿದ ನಮ್ಮಂಥವರು ಅದನ್ನು ಇಮ್ಮಡಿಸಿ, ಮೇಲೆ ವಿಶ್ರಾಂತಿಯ ವೇಳೆಯನ್ನು ಸೇರಿಸಬೇಕು. ಏಳು ತಾಸು ಹಿಡಿದಿದ್ದೇವೆ. ಬೆಳಗಿನ ಪೂಜೆಯನ್ನು ಮುಗಿಸಿಯೇ ಬುಡಕ್ಕೆ ಬಂದು, ಆರೂವರೆಗೆ ಏರಲು ಆರಂಭ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ನಿಂತು ವಿಚಾರಿಸುವುದು; ಆ ಹೊತ್ತಿಗೆ ಗುರುತಿಟ್ಟ ಮೂರನೆಯ ಠಾವು ದಾಟಿರದಿದ್ದರೆ ಬಂದ ದಾರಿಯಿಂದಲೇ ಮರಳುವುದು. ಈ ಮಾತಿಗೆ ಏಳೂ ಜನರಿಂದ ಮೊದಲೇ ಒಪ್ಪಿಗೆ ಪಡೆದಿದ್ದೇವೆ. ಗುಡ್ಡದ ಮೇಲೆ ನಿಂತು ಚರ್ಚೆ ಮಾಡಿದರೆ ಮುಂದೆ ಹೋಗೋಣ ಎನ್ನುವವನ ಮಾತೇ ಗೆಲ್ಲುತ್ತದೆಂಬುದು ನಮ್ಮ ಅನುಭವ.

ಯಾವ ಮಾಸದಲ್ಲಿ ಹೋಗಬೇಕು? ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಕಣ್ಣಿಗೆ ಹಬ್ಬ, ಆದರೆ ಬಂಡೆಗಳೆಲ್ಲ ಜಾರುತ್ತವೆ, ಹುಲ್ಲಿನಲ್ಲಿ ಕಾಲಿಡುವ ಜಾಗ ಕಾಣದು. ಮೇಲಿನ ಸಹ್ಯಾದ್ರಿಯಲ್ಲಿ ಮಳೆ ಹೆಚ್ಚಾದರೆ ಇಲ್ಲಿ ಮೋಡವಿಲ್ಲದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಅಣೆಕಟ್ಟೆಯಿಂದ ಬಿಟ್ಟ ನೀರು ಮುನವಳ್ಳಿ, ರಾಮದುರ್ಗಗಳೊಳಗೆ ನುಗ್ಗಿದುದನ್ನು ಯಾರೂ ಮರೆತಿಲ್ಲ. ಆದುದರಿಂದ ಕಟ್ಟೆಯ ಕೆಳಗಿನ ಹೊಳೆಪಾತ್ರದಲ್ಲಿ ಇಳಿದು ದಾರಿ ಹಿಡಿಯುವ ಯೋಚನೆ ಯಾವ ಕಾಲದಲ್ಲಿಯೂ ಬೇಡ. ಫಾಲ್ಗುಣದ ನಂತರ ಬಿಸಿಲು ತಡೆಯಲಾಗದು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡದಲ್ಲಿ ಲಕ್ಷಗಟ್ಟಲೆ ಜನ ಸೇರುವುದರಿಂದ ರಾತ್ರಿ ತಂಗಲು ಠಾವು ಸಿಕ್ಕದು. ಇವೆಲ್ಲವನ್ನೂ ಕಳೆದು ಪುಷ್ಯ ಶುದ್ಧ ಅಷ್ಟಮಿಯನ್ನು ಆರಿಸಿದ್ದೇವೆ. ಸಂಜೆ ತಡವಾದರೂ ನೆತ್ತಿಯ ಮೇಲೆ ಅರ್ಧಚಂದ್ರನಿರುತ್ತಾನೆ.

ಹೊರೆಯ ಮಾತು ಬಂದಾಗ ಮನೆಯ ಹೆಣ್ಣುಮಕ್ಕಳೊಡನೆ ದೊಡ್ಡ ಜಗಳವೇ ಆಯಿತು. ಅವರ ಅಂತಃಕರಣಕ್ಕೆ ಮಿತಿಯಿಲ್ಲ. ಹೋಳಿಗೆ, ಮಾದಲಿ, ಮೊಸರಿನ ಗಡಿಗೆ ಎಂದು ಆರಂಭವಾಗಿತ್ತು. ಒಬ್ಬರ ಬೆನ್ನುಚೀಲ ನೀರೂ ಸೇರಿ ಎಂಟು ಕಿಲೋ ಮೀರಕೂಡದೆಂದು ತಕ್ಕಡಿಯನ್ನೇ ನಡುಮನೆಯಲ್ಲಿ ತೂಗಿಬಿಟ್ಟೆವು. ತಲೆಗೆ ನಾಲ್ಕು ಲೀಟರು ನೀರು, ಅದೇ ನಾಲ್ಕು ಕಿಲೋ. ಉಳಿದ ನಾಲ್ಕರಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಪುಠಾಣಿ, ಲಿಂಬಿಹಣ್ಣು, ಒಂದು ಕಂಬಳಿ, ಬ್ಯಾಟರಿ, ಸೀಟಿ, ಹಗ್ಗ, ಇಷ್ಟಲಿಂಗಪೂಜೆಯ ಪೆಟ್ಟಿಗೆ. ಪೂಜೆಯ ನೀರನ್ನು ಬೇರೆಯಾಗಿ ಲೆಕ್ಕಿಸಿದ್ದೇವೆ. ಆದರೆ ಅದೂ ಕುಡಿಯುವ ನೀರೇ ಎಂದು ಎಲ್ಲರಿಗೂ ತಿಳಿಸಿದ್ದೇವೆ. ಬಿಸಿಲಿಗೆ ಬಳಲಿದವರಿಗೆ ಬರಿ ನೀರು ಸಾಲದು. ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಇದನ್ನು ಪುಡಿಯಾಗಿಯೇ ಪೊಟ್ಟಣ ಕಟ್ಟಿಕೊಂಡಿದ್ದೇವೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಕಲ್ಲುಸಂದಿಗಳಲ್ಲಿ ಕೊಳಕುಮಂಡಲದ ಭಯವಿರುವುದರಿಂದ ಕೋಲಿನಿಂದ ತಟ್ಟದೆ ಕೈ ಊರಕೂಡದು. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಎರಡೂ ತಪ್ಪು, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಪಾದರಕ್ಷೆಯ ವಿಷಯದಲ್ಲಿ ನಾವು ಸೋತೆವು. ಅರವತ್ತು ವರ್ಷ ಚಪ್ಪಲಿಯಲ್ಲಿಯೇ ನಡೆದ ಕಾಲುಗಳಿಗೆ ಬೂಟು ಬಿಗಿಯುತ್ತದೆ. ಆದರೂ ಎರಡು ತಿಂಗಳಿಂದ ದಿನವೂ ಬೆಳಿಗ್ಗೆ ಮಠದ ಸುತ್ತ ಬೂಟು ಹಾಕಿ ನಡೆಯುತ್ತಿದ್ದೇವೆ. ಹುಡುಗರು ನೋಡಿ ನಗುತ್ತಾರೆ.

ಇಬ್ಬರು ರೈತರು ಮೊನ್ನೆ ಆ ಕುರಿಗಾಹಿಯನ್ನು ಕಂಡು ಬಂದರು. ಆತ ಜತೆಗೆ ಬರಲು ಒಪ್ಪಿದ್ದಾನೆ, ಒಂದು ಷರತ್ತಿನ ಮೇಲೆ: ತಾನು ಹಿಂದಿನಿಂದ ಬರುವೆನು, ಮುಂದೆ ಅಲ್ಲ. ಮುಂದೆ ನಡೆದರೆ ನಾವು ಮತ್ತೆ ಅವನ ಕಾಲನ್ನೇ ನೋಡುತ್ತ ಹೋಗುತ್ತೇವಂತೆ. ಕವಲು ಬಂದಲ್ಲಿ ನಾವೇ ನಿಂತು ಹೇಳಬೇಕು. ತಪ್ಪಿದರೆ ಮಾತ್ರ ಆತ ಕೂಗುತ್ತಾನೆ. ಹೋಗುತ್ತ ಹೋಗುತ್ತ ಪ್ರತಿ ಕವಲಿನಲ್ಲಿಯೂ ಮೂರು ಮೂರು ಕಲ್ಲುಗಳ ಗುಪ್ಪೆ ಒಟ್ಟುವುದೆಂದೂ ನಿರ್ಧಾರವಾಗಿದೆ.

ಹಾಗಾದರೆ ಎಲ್ಲರಿಗಿಂತ ಮುಂದೆ ಯಾರು ನಡೆಯಬೇಕು? ಎಲ್ಲರಿಗಿಂತ ನಿಧಾನವಾಗಿ ನಡೆಯುವವರು. ಹೋದ ವರ್ಷ ಶಾಲೆಯ ಗುರುಗಳು ಸಾಲಿನ ಕೊನೆಯಲ್ಲಿದ್ದರು. ಅವರು ಬಂದು ಮುಟ್ಟುವಷ್ಟರಲ್ಲಿ ನಮ್ಮ ವಿಶ್ರಾಂತಿ ಮುಗಿದಿರುತ್ತಿತ್ತು. ಅವರಿಗೆ ವಿಶ್ರಾಂತಿಯೇ ಇರಲಿಲ್ಲ. ಇದನ್ನು ಆಗ ನಾವು ಗಮನಿಸಲಿಲ್ಲ. ವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರು ಒಪ್ಪಿಗೆ ಕೊಟ್ಟ ಮೇಲೆಯೇ ಹೋದ ಸೋಮವಾರ ಗುರುಗಳ ಮನೆಗೆ ಹೋಗಿ, "ಈ ಸಲ ನೀವು ಮುಂದೆ, ನಾವೆಲ್ಲ ನಿಮ್ಮ ಹಿಂದೆ" ಎಂದು ಕೇಳಿಕೊಂಡೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ನಕಾಶೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಆ ಕೊಳ್ಳದ ಅಂಚು ಎಲ್ಲಿದೆಯೆಂದು ಕೇಳಿದರು. ತೋರಿಸಿದೆವು. ಪೆನ್ಸಿಲಿನಿಂದ ಅಲ್ಲೊಂದು ಸೊನ್ನೆ ಬರೆದು, ಒಳಗೆ ಹೋಗಿ, ಅಟ್ಟದ ಮೇಲಿದ್ದ ಬೆತ್ತವನ್ನು ಇಳಿಸಿಕೊಡೆಂದು ಮೊಮ್ಮಗನಿಗೆ ಹೇಳಿದರು.